ಗೌರಕ್ಕನ ಮಟ್ಟು ‘ಪಾರಂಪರಿಕ’ವಲ್ಲ

೧೯೭೨ರಲ್ಲಿ ನಾನು ಮುಂಬಯಿಯ ಒಂದು ಕಾಲೇಜಿನ ಸಂಗೀತ ವಿಭಾಗದಲ್ಲಿ ಹಾಡುವ ಕೆಲಸಕ್ಕಿದ್ದೆ. ಓದಿದ್ದು ನಾಲ್ಕನೇ ಇಯತ್ತೆ. ಪಾಠ ಮಾಡುವ ಹಕ್ಕು ನನಗಿರಲಿಲ್ಲ. ಪ್ರೊಫೆಸರರು ವಿವರಿಸಿ ಕೈ ತೋರಿಸಿದಾಗ ನಾನು ಉದಾಹರಣೆ ಹಾಡಬೇಕು. ಇದಕ್ಕೆ ಡೆಮಾನ್‌ಸ್ಟ್ರೇಟರ್ ಎಂದು ಹೆಸರು. ಅದಕ್ಕೆ ಮೊದಲು ಹುಬ್ಬಳ್ಳಿ ಕಡೆಯ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದೆ. ಕಂಪನಿ ಮುಳುಗಿತು, ಗಂಡ ತೀರಿಕೊಂಡ, ಚೆಂಬೂರಿನ ಚಾಳಿನಲ್ಲಿ ಇಬ್ಬರು ಮಕ್ಕಳು. ಆ ಕೆಲಸ ನನಗೆ ಬೇಕಿತ್ತು.

ಆ ವರ್ಷ ಜೋಶಿ ಸರ್ ಆಪೆರಾ ಪಾಠ ತೆಗೆದುಕೊಂಡರು. ಕಥೆಯನ್ನೆಲ್ಲ ಹಾಡಿನಲ್ಲೇ ನಡೆಸುವ ವಿಲಾಯತಿ ನಾಟಕ ಅದು. ನಮ್ಮ ಸಂಗೀತ ನಾಟಕದ ದೂರದ ನೆಂಟ. ಎರಡಕ್ಕೂ ರಾಗ ಕೂಡಿಸಿದವರ ಹೆಸರುಗಳನ್ನು ಹಲಗೆಯ ಮೇಲೆ ಬರೆದರು. ಎಲ್ಲರೂ ಗಂಡಸರು. ಮುಂದಿನ ಬೆಂಚಿನ ಶೈಲಾ ಎದ್ದು, “ಸರ್, ಲೇಡೀಸ್ ಕೋಈ ನಹೀ?” ಎಂದಳು.

ಹೆಂಗಸರು ಹಾಡಿದ್ದಾರೆ, ರಚಿಸಿಲ್ಲ ಎಂದು ಹೇಳಿ ಸರ್ ನನ್ನತ್ತ ಕೈ ತೋರಿಸಿದರು. ಹಾಡಬೇಕಿದ್ದದ್ದು ನಮ್ಮ ಕಂಪನಿಯದೇ ಹಾಡು. ಹಲಗೆಯ ಮೇಲೆ ಕಂಪನಿ ಮಾಲೀಕರ ಹೆಸರು.

ನಾನು ಹಾಡಲಿಲ್ಲ.

“ಇದು ಮಾಲಕರದಲ್ಲ ಸರ್, ಗೌರಕ್ಕಂದು. ರೊಟ್ಟಿ ಬಡಕೋತ ಕುಂತಾಗ ಮಟ್ಟು ಹಾಕಿದ್ಲು. ಮಾಲಕರಿಗೆ ತಂಬೂರಿ ಶ್ರುತಿ ಮಾಡ್ಲಿಕ್ಕೂ ಬರ್ತಿರಲಿಲ್ಲ.”

ಕನ್ನಡ ತಿಳಿದ ಹುಡುಗಿಯರು ನಕ್ಕರು. ಸರ್ ನಗಲಿಲ್ಲ.

ಗೌರಕ್ಕ ನಮ್ಮ ಕಂಪನಿಯ ಹಿರಿಯ ನಟಿ. ಮಟ್ಟು ಅಂದರೆ ಹಾಡಿನ ಧಾಟಿ. ಇಡೀ ಒಂದು ನಾಟಕಕ್ಕೆ ಆಕೆ ಮಟ್ಟು ಕೂಡಿಸಿದ್ದಳು. ಈ ಹಾಡಿನ ನಡುವೆ ಒಂದು ಸ್ವರ ನಿಂತು ಕಾಯುತ್ತದೆ. ರಂಗದ ಮೇಲೆ ಅಲ್ಲಿ ನಾನು ತಲೆಯ ಮೇಲಿನ ಕೊಡ ಇಳಿಸಬೇಕಿತ್ತು. “ಇಳಿಸೂತನಕ ಉಸುರು ಬ್ಯಾಡೇನಽ ನಿನಗ?” ಅಂದಿದ್ದಳು. ಆಕೆ ಸತ್ತ ಮೇಲೂ ಹ್ಯಾಂಡ್‌ಬಿಲ್ಲಿನಲ್ಲಿ ಮಾಲೀಕರ ಹೆಸರೇ ಬೀಳುತ್ತಿತ್ತು.

ಮಧ್ಯಾಹ್ನ ಸರ್ ಸ್ಟಾಫ್ ರೂಮಿಗೆ ಕರೆದರು. ಧಾರವಾಡದವರು, ಕೆಟ್ಟವರಲ್ಲ.

“ಬಾಯಿ, ಪುಸ್ತಕದಾಗ ಇದ್ದದ್ದನ್ನ ನಾನು ಕಲಸಬೇಕು. ಹುಡುಗ್ಯಾರು ಪರೀಕ್ಷಾದಾಗ ಗೌರಕ್ಕ ಅಂತ ಬರದ್ರ ನಂಬರ್ ಯಾರು ಕೊಡ್ತಾರ?”

“ಹಂಗಾರ ಪುಸ್ತಕದ ಕಡೆಯಿಂದಾನ ಹಾಡಸ್ರಿ.”

ಅವರು ತಲೆ ಕೆರೆದುಕೊಂಡರು. “ಒಂದು ಕೆಲಸ ಮಾಡೂಣು. ಮಾಲಕರ ಹೆಸರು ಅಳಸ್ತೀನಿ. ‘ಪಾರಂಪರಿಕ’ ಅಂತ ಬರೀತೀನಿ. ನಿಮಗೂ ಸಮಾಧಾನ, ನನಗೂ ಸಮಾಧಾನ.”

ಪಾರಂಪರಿಕ ಅಂದರೆ ಯಾರು ಮಾಡಿದರೋ ಗೊತ್ತಿಲ್ಲ, ಹಿಂದಿನಿಂದ ಬಂದದ್ದು ಎಂದರ್ಥ. ಅದು ಮಾಲೀಕರ ಹೆಸರಿಗಿಂತ ಕೆಟ್ಟದ್ದು ಅನ್ನಿಸಿತು. ಕದ್ದವನನ್ನಾದರೂ ಹಿಡಿಯಬಹುದು.

“ಗೊತ್ತಿಲ್ಲದವರು ಹಂಗ ಬರೀಲಿ, ನನಗ ಗೊತ್ತೈತಿ. ಆಕಿ ಹೆಸರು ಹೇಳಿ ಹಾಡ್ತೀನಿ. ಇಲ್ಲಾಂದ್ರ ಹಾಡೂದಿಲ್ಲ.”

“ಕೆಲಸ ಹೋಗ್ತದ ಬಾಯಿ.”

“ಹೋಗ್ಲಿ ತಗೋರಿ. ಹಾಡು ನನ್ನ ಕೂಡ ಬರ್ತದ.”

ಹೋಯಿತು. ಮುಂದಿನ ಟರ್ಮಿಗೆ ನನ್ನನ್ನು ಕರೆಯಲಿಲ್ಲ. ಮಾಟುಂಗದಲ್ಲಿ ಮನೆಮನೆಗೆ ಹೋಗಿ ಟ್ಯೂಷನ್ ಹೇಳಿದೆ. ಕೆಲವು ಕಡೆ ನಾಟಕದವಳೆಂದು ಹಿತ್ತಲ ಬಾಗಿಲಿನಿಂದ ಬರಹೇಳಿದರು, ಅಂಥವರ ಮನೆಗೆ ಮತ್ತೆ ಕಾಲಿಡಲಿಲ್ಲ. ಶೈಲಾ ಲೋಕಲ್ ಹಿಡಿದು ಚೆಂಬೂರಿಗೇ ಬಂದಳು. ಆ ಹಾಡು ಬೇಕು ಎಂದಳು. ಎಲ್ಲಿ ಹಾಡಿದರೂ ಮೊದಲು ಗೌರಕ್ಕನ ಹೆಸರು ಹೇಳಬೇಕು ಎಂಬ ಕರಾರಿನ ಮೇಲೆ ಕಲಿಸಿದೆ.

ಪ್ರಾಕ್ಟಿಕಲ್ ಪರೀಕ್ಷೆ ಮುಗಿಸಿ ನೇರ ನನ್ನ ಮನೆಗೆ ಬಂದಳು, ಮುಖ ಕೆಂಪಗೆ.

“ಬಾಯಿ, ನಂಬರ್ ತೋ ಗಯಾ.”

“ಹೆಸರು ಹೇಳಿದ್ಯೋ ಇಲ್ಲೋ?”

“ಹೇಳಿದೆ. ಎಕ್ಸಾಮಿನರ್ ಕೇಳಿಸ್ಲಿಲ್ಲ ಅಂದ್ರು. ಫಿರ್ ಸೇ ಹೇಳಿದೆ, ಜೋರ್ ಸೇ.”

ಆ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೆಂಗಸಿನ ಹೆಸರು ತಾನಾಗಿ ಪುಸ್ತಕ ಹತ್ತುವುದಿಲ್ಲ. ಕೇಳಿಸಲಿಲ್ಲ ಎನ್ನುವವರ ಮುಂದೆ ನಿಂತು ಇನ್ನೊಮ್ಮೆ ಹೇಳಬೇಕು, ಗಟ್ಟಿಯಾಗಿ.