ಅಮ್ಮನಿಗೆಂದು ತಂದ ಮಂದು

"ಏನ್ಲಾ ಅದು, ಚೀಲದಾಗೆ?" ಎಂದು ಆಟೊ ತಡೆದ ಹೆಂಗಸೊಬ್ಬರು ಕೇಳಿದಾಗ ನನ್ನ ಪಕ್ಕದಲ್ಲಿದ್ದ ಹುಡುಗ, "ಮಂದು ಕಣಕ್ಕಾ, ಅಮ್ಮಂಗೆ" ಎಂದ.

ನಾವಿಬ್ಬರೂ ಗಡಿಯ ಕೊಡಿಕೊಂಡ ಚೆಕ್‌ಪೋಸ್ಟ್ ಕಡೆಯಿಂದ ಆಟೊದಲ್ಲಿ ಬರುತ್ತಿದ್ದೆವು. ಆಂಧ್ರದ ಲೇಪಾಕ್ಷಿ ಸಮೀಪದ ನಮ್ಮ ಊರಿನ ಬಾಗಿಲಲ್ಲೇ ಹೆಂಗಸರು ಅಡ್ಡ ನಿಂತಿದ್ದರು. ಗಡಿಯಾಚೆಯ ಕರ್ನಾಟಕದಿಂದ ಮದ್ಯದ ಪ್ಯಾಕೆಟ್ ತಂದು ಊರಲ್ಲಿ ಮಾರುವುದನ್ನು ನಿಲ್ಲಿಸಿಯೇ ತೀರುವುದೆಂದು ಅವರು ನಿರ್ಧರಿಸಿದ್ದರು. ನಮ್ಮ ಮಾತಿನಲ್ಲಿ ತೆಲುಗು ಬೆರೆತೇ ಇರುತ್ತದೆ. ತೆಲುಗಿನಲ್ಲಿ ಔಷಧಿಯೂ ಮಂದು, ಮದ್ಯವೂ ಮಂದು. ಆ ಒಂದು ಪದದ ಮರೆಯಲ್ಲಿ ಹುಡುಗ ನುಣುಚಿಕೊಳ್ಳಲು ನೋಡಿದ.

ಕೇಳಿದಾಕೆ ನಕ್ಕು ಹಿಂದಕ್ಕೆ ತಿರುಗಿದರು. "ಸುಬ್ಬಕ್ಕಾ, ಇಲ್ಬಾ. ನಿನ್ ಮಗ ನಿಂಗೆ ಮಂದು ತಂದವ್ನಂತೆ."

ಗುಂಪಿನ ಹಿಂದಿನಿಂದ ಅವನ ತಾಯಿ ಬಂದರು. ಬೈಯಲಿಲ್ಲ. ಚೀಲಕ್ಕೆ ಕೈಹಾಕಿ ಒಂದು ಪ್ಯಾಕೆಟ್ ತೆಗೆದು, ಅದರ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದರು. "ನಂಗೇ ತಾನೇ ತಂದಿರಾದು? ಕುಡೀತೀನಿ, ನೋಡ್ಲಾ" ಎಂದು ಬಾಯಿಗೆ ಎತ್ತಿದರು.

ಈಗ ಯಾರೂ ನಗುತ್ತಿರಲಿಲ್ಲ. ಹುಡುಗ ಆಟೊದಿಂದ ಹಾರಿ ಇಳಿದು ಅವರ ಕೈ ಹಿಡಿದುಕೊಂಡ. "ಬ್ಯಾಡ ಕಣಮ್ಮಾ" ಎಂದಷ್ಟೇ ಹೇಳಿ, ಪ್ಯಾಕೆಟ್ ಕಿತ್ತುಕೊಂಡು ನೆಲಕ್ಕೆ ಸುರಿದ. ಉಳಿದವನ್ನೂ ಯಾರೂ ಹೇಳದೆ ತಾನೇ ಒಂದೊಂದಾಗಿ ಹರಿದು ಸುರಿದ.

ಅವನು ಮತ್ತೆ ತಂದಿಲ್ಲ. ನಾಳೆ ಇನ್ಯಾರಾದರೂ ತಂದಾರು. ಆದರೆ ಹಾಗೆ ತರುವವರ ಅಮ್ಮನೂ ಆ ಗುಂಪಿನಲ್ಲೇ ಇರುತ್ತಾರೆ.