ಅಂಕಲ್ ಬರ್ತ್‌ಡೇ ಊಟ

ಅಂಗವಿಕಲರಿಗೆ ಕೆಲಸ ಹುಡುಕಿಕೊಡುವುದು ನನ್ನ ಕೆಲಸ. ಕಣ್ಣು ಕಾಣದ ಲಿಂಡಾಳನ್ನು ಇಲ್ಲಿ ಅಮೆರಿಕದ ಪ್ಲೇನೋದಲ್ಲಿ ಕಂಪನಿ ನಡೆಸುವ ನಮ್ಮ ಮೈಸೂರಿನ ಅಂಕಲ್ ಒಬ್ಬರ ಹತ್ತಿರ ಇಂಟರ್‌ವ್ಯೂಗೆ ಕರೆದೊಯ್ದಿದ್ದೆ. ಕಸ್ಟಮರ್‌ಗಳ ಫೋನ್‌ಗೆ ಉತ್ತರಿಸುವ ಕೆಲಸ. ಅಂಕಲ್ ಅವಳನ್ನು ಏನೂ ಕೇಳದೆ ನನ್ನ ಹತ್ತಿರ ಕನ್ನಡದಲ್ಲಿ, "ಪಾಪ ಕಣಮ್ಮ, ಇವಳಿಗ್ಯಾಕೆ ಕಷ್ಟ? ನಾನು ಪ್ರತಿ ಬರ್ತ್‌ಡೇಗೂ ಮೈಸೂರಲ್ಲಿ ಅಂಧರ ಶಾಲೆಗೆ ಊಟ ಹಾಕಿಸ್ತೀನಿ" ಅಂದರು.

ಏನಂದರು ಎಂದು ಲಿಂಡಾ ಕೇಳಿದಳು. ಇದ್ದದ್ದನ್ನು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ.

"ಸಂತೋಷ. ಉಳಿದ ದಿನ ನಾವು ಏನು ತಿನ್ನಬೇಕಂತೆ?"

ಅಂಕಲ್ ಕಾಫಿ ತರಿಸಿದರು, ಕೆಲಸ ಕೊಡಲಿಲ್ಲ. ಆಮೇಲೆ ಅವಳಿಗೆ ಒಂದು ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಮೊನ್ನೆ ಅಂಕಲ್ ಫೋನ್ ಮಾಡಿ, "ನನ್ನ ಬರ್ತ್‌ಡೇ ಊಟಕ್ಕೆ ಆ ಹುಡುಗೀನ ಕರ್ಕೊಂಡು ಬಾಮ್ಮ" ಅಂದರು. ಲಿಂಡಾಗೆ ತಿಳಿಸಿದೆ.

"ಅವತ್ತು ನನಗೆ ಆಫೀಸಿದೆ. ಬೇರೆ ಕುರುಡರನ್ನು ಹುಡುಕಿಕೊಳ್ಳಲಿ."

ಅದನ್ನೂ ಇದ್ದ ಹಾಗೇ ಅಂಕಲ್‌ಗೆ ಹೇಳಿಬಿಟ್ಟೆ. ಹುಡುಕಿಕೊಡು ಅಂತ ಅಂಕಲ್ ಈಗ ನನಗೇ ಹೇಳಿದ್ದಾರೆ. ಹೇಗಿದ್ದರೂ ನನ್ನ ಕೆಲಸ ಅದೇ ತಾನೆ.