ಸೈಟಿಗೆಂದು ಕೊಂಡ ಶೂ

ಅಪ್ಪನಿಗೆ ನಾನು ಕೆಲಸ ಮಾಡುವ ಸೈಟನ್ನು ಒಮ್ಮೆ ನೋಡಬೇಕೆಂಬ ಆಸೆಯಿತ್ತು. ಅದೇನೂ ಕಾಶಿಯಾತ್ರೆಯಲ್ಲ. ಡೊಂಬಿವಲಿಯ ನಮ್ಮ ಮನೆಯಿಂದ ಕಲ್ಯಾಣಕ್ಕೆ ಲೋಕಲ್‌ನಲ್ಲಿ ಹತ್ತು ನಿಮಿಷ, ಅಲ್ಲಿಂದ ಶೇರ್ ರಿಕ್ಷಾ, ಅಷ್ಟೆ. ನಾನು ಕರೆದುಕೊಂಡು ಹೋಗಲಿಲ್ಲ. ಅವರು ತೀರಿಕೊಂಡ ಮೇಲೆ ಎರಡು ಮಳೆಗಾಲ ಕಳೆದಿವೆ. ನಾನಿನ್ನೂ ಮನಸ್ಸಿನಲ್ಲೇ ಅವರನ್ನು ಆ ಸೈಟಿಗೆ ಕರೆದೊಯ್ಯುತ್ತಿರುತ್ತೇನೆ.

ನಾನು ಇಂಜಿನಿಯರಿಂಗ್ ಜಿಯಾಲಜಿಸ್ಟ್. ಸೇತುವೆಯೋ ಸುರಂಗವೋ ಎತ್ತರದ ಕಟ್ಟಡವೋ ಬರುವ ಮೊದಲು ಅಲ್ಲಿನ ನೆಲದೊಳಗೆ ಏನಿದೆ, ಅದು ಭಾರ ಹೊರುತ್ತದೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸ. ಇದನ್ನು ನಮ್ಮವರಿಗೆ ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಕನ್ನಡ ಸಂಘದ ಊಟದಲ್ಲಿ ಪಕ್ಕದಲ್ಲಿ ಕೂತ ಹೆಂಗಸೊಬ್ಬರು, "ಕಲ್ಲು ನೋಡುದಾ? ಹಾಗಾದ್ರೆ ನನ್ನ ಮಗನಿಗೆ ಯಾವ ಹರಳು ಆಗ್ತದೆ ಹೇಳು ಮಾರಾಯ್ತಿ, ಮದುವೆ ಕೂಡಿ ಬರುದೇ ಇಲ್ಲ" ಎಂದು ಉಂಗುರದ ಬೆರಳು ತೋರಿಸಿದ್ದರು. ನನಗೆ ಸಿಟ್ಟು ಬೇಗ ಬರುತ್ತದೆ. ಅವತ್ತು ಹೋಳಿಗೆ ಇತ್ತು ಎಂದು ಸುಮ್ಮನಿದ್ದೆ.

ಅಪ್ಪ ಮಾತ್ರ ಹಾಗೆ ಕೇಳಿದವರಲ್ಲ. ಉಡುಪಿ ಕಡೆಯಿಂದ ಹದಿನಾರನೆಯ ವಯಸ್ಸಿಗೆ ಬಂದು, ಯಾರ್ಯಾರದೋ ಹೋಟೆಲಿನಲ್ಲಿ ರುಬ್ಬಿ, ಬಡಿಸಿ, ಕೊನೆಗೆ ಕಳವಾ ಎಂಬ ಊರಿನ ರೈಲ್ವೆ ಕಾರ್‌ಶೆಡ್ಡಿನ ಹತ್ತಿರ ಎಂಟು ಮೇಜಿನ ಸ್ವಂತ ಹೋಟೆಲು ಮಾಡಿದವರು. ಅಪ್ಪ ಅಮ್ಮ ತಮ್ಮೊಳಗೆ ತುಳು ಮಾತಾಡುತ್ತಿದ್ದರು. ನನ್ನನ್ನು ಕನ್ನಡ ಶಾಲೆಗೆ ಹಾಕಿದ್ದರಿಂದ ನನ್ನೊಡನೆ ಕನ್ನಡವೇ ಆಡಬೇಕೆಂದು ಹಟ ಹಿಡಿದಿದ್ದರು. ಚಿಕ್ಕಂದಿನಲ್ಲಿ ಭಾನುವಾರ ನನ್ನನ್ನೂ ಹೋಟೆಲಿಗೆ ಕರೆದುಕೊಂಡು ಹೋಗುತ್ತಿದ್ದರು. ಸ್ಲೋ ಲೋಕಲ್ ಮುಂಬ್ರಾ ದಾಟಿದ ಮೇಲೆ ಒಂದು ಕಡೆ ಖಾಡಿ ಎನ್ನುವ ಸಮುದ್ರದ ಹಿನ್ನೀರು, ಇನ್ನೊಂದು ಕಡೆ ಪಾರಸಿಕ ಗುಡ್ಡ. ಕಡಿದ ಗುಡ್ಡದ ಮೈಯಲ್ಲಿ ಮೇಲೆ ಕಪ್ಪು ಬಂಡೆ, ಕೆಳಗೆ ಕಪ್ಪು ಬಂಡೆ, ನಡುವೆ ಉದ್ದಕ್ಕೆ ಒಂದು ಕೆಂಪು ಗೆರೆ. ಅದೇನೆಂದು ಕೇಳಿದೆ.

"ಅದಾ? ಮೈಸೂರು ಮಸಾಲೆಗೆ ಒಳಗೆ ಕೆಂಪು ಚಟ್ನಿ ಹಚ್ಚುದಿಲ್ವಾ? ಗುಡ್ಡಕ್ಕೂ ಹಚ್ಚಿದ್ದಾರೆ" ಎಂದರು ಅಪ್ಪ.

ಎಷ್ಟೋ ವರ್ಷಗಳ ನಂತರ ಕಾಲೇಜಿನಲ್ಲಿ ಮೇಷ್ಟರು ಅದೇ ಕೆಂಪು ಪದರದ ಪಾಠ ಮಾಡಿದರು. ಒಂದು ಲಾವಾ ಹರಿದು ಆರಿದ ಮೇಲೆ ಮಣ್ಣು ಕೂಡುತ್ತದೆ. ಆಮೇಲೆ ಇನ್ನೊಂದು ಲಾವಾ ಬಂದು ಆ ಮಣ್ಣನ್ನು ಬೇಯಿಸಿ ಕೆಂಪು ಮಾಡುತ್ತದೆ. ಒಣಗಿದ್ದರೆ ಇಟ್ಟಿಗೆಯಷ್ಟು ಗಟ್ಟಿ, ನೀರು ಬಿದ್ದರೆ ಕೆಸರು. ಎರಡು ಗಟ್ಟಿ ಬಂಡೆಗಳ ನಡುವೆ ಇದೊಂದು ಇದ್ದರೆ ಅದರ ಮೇಲೆ ಕೂರಿಸಿದ ಕಂಬವನ್ನು ನಂಬುವಂತಿಲ್ಲ. ಕ್ಲಾಸಿನಲ್ಲಿ ನಾನೊಬ್ಬಳೇ ನಗುತ್ತಿದ್ದೆ. ಚಟ್ನಿಯ ಮಾತು ಮುಕ್ಕಾಲು ಪಾಲು ಸರಿಯಾಗಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನನ್ನನ್ನು ಕಲ್ಯಾಣದ ಹತ್ತಿರ ನದಿಗೆ ಕಟ್ಟಲಿದ್ದ ಒಂದು ಸೇತುವೆಯ ಸೈಟಿಗೆ ಹಾಕಿದರು. ಕಂಬ ಬರುವ ಜಾಗದಲ್ಲೆಲ್ಲ ಡ್ರಿಲ್ ಮಾಡಿ, ತೋಳಿನ ದಪ್ಪದ ಕಲ್ಲಿನ ಕೋಲುಗಳನ್ನು ಮೇಲೆ ತೆಗೆದು, ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸುತ್ತಾರೆ. ಅದಕ್ಕೆ ಕೋರ್ ಎನ್ನುತ್ತೇವೆ. ನಾನು ಒಂದೊಂದನ್ನೂ ಒದ್ದೆ ಮಾಡಿ, ಬಣ್ಣ ಬಿರುಕು ನೋಡಿ, ಟೇಪು ಹಿಡಿದು ಅಳೆದು ಬರೆಯಬೇಕು. ಒದ್ದೆ ಬಂಡೆಗೆ ಒಂದು ವಾಸನೆಯಿದೆ, ಕಾದ ಕಬ್ಬಿಣದ ಕಾವಲಿಗೆ ನೀರು ಚಿಮುಕಿಸಿದಾಗ ಬರುತ್ತದಲ್ಲ, ಹಾಗೆ. ಆ ವಾಸನೆಗೆ ನಾನು ಇವತ್ತಿಗೂ ಹಂಬಲಿಸುತ್ತೇನೆ.

ಒಂದು ದಿನ ನವಿ ಮುಂಬಯಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ನಾನು ಹೋಗುವಷ್ಟರಲ್ಲಿ ಪೆಟ್ಟಿಗೆಗಳೆಲ್ಲ ಮದುವೆ ಮನೆಯ ಹಿತ್ತಾಳೆ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು. ನಮ್ಮ ಡ್ರಿಲ್ಲರ್ ಬಿಹಾರದವನು, ಕೂದಲು ನರೆತವನು, ಕೆಲಸ ಬಲ್ಲವನು. "ಸಾಬ್ ಆನೇವಾಲೇ ಹೈ ನಾ ಮೇಡಂ, ಇಸ್ಲಿಯೇ ಸಬ್ ಘಿಸ್‌ಕೇ ಧೋಯಾ" ಎಂದ. ಸಾಹೇಬರು ಬರುತ್ತಾರೆಂದು ಎಲ್ಲವನ್ನೂ ಉಜ್ಜಿ ತೊಳೆದಿದ್ದನಂತೆ. ಸಾಹೇಬರು ಬಂದರು, ಚಹಾ ಕುಡಿದರು, ಚೆನ್ನಾಗಿದೆ ಎಂದು ಹೇಳಿ ಹೋದರು. ಆಮೇಲೆ ನಾನು ಟೇಪು ಹಿಡಿದೆ. ಒಂದು ಪೆಟ್ಟಿಗೆಯಲ್ಲಿ ಕೋರ್ ಕೊರೆದ ಆಳಕ್ಕಿಂತ ಎರಡು ಗೇಣು ಕಡಿಮೆ ಬಂತು. ಕಲ್ಲುಗಳೇನೋ ಒಂದಕ್ಕೊಂದು ತಾಗಿಕೊಂಡೇ ಕೂತಿದ್ದವು. ಕೇಳಿದರೆ ಡ್ರಿಲ್ಲರ್, ಕೊರೆಯುವಾಗಲೇ ಪುಡಿಯಾಗಿ ಹೋಗಿರಬೇಕು ಎಂದ. ಹಾಗಾಗುವುದೂ ಉಂಟು. ನಾನೂ ಹಾಗೆಂದೇ ಬರೆದೆ, ಆದರೆ ಸಹಿ ಹಾಕಲು ಕೈ ಬರಲಿಲ್ಲ. ಕಾಗದವನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದೆ.

ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಹೇಳಿದ್ದು ಸಲಹೆಗೇನೂ ಅಲ್ಲ, ಸುಮ್ಮನೆ ಗೊಣಗಿದೆ. ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದರು.

"ತೊಳೆದ ನೀರು ಎಲ್ಲಿ ಚೆಲ್ಲಿದ್ರು?"

"ಅದ್ಯಾಕಪ್ಪಾ?"

"ನಮ್ಮಲ್ಲೂ ಹೀಗೇ. ಚೆಕ್ಕಿಂಗಿಗೆ ಸಾಹೇಬ ಬರ್ತಾನೆ ಅಂದ್ರೆ ಸಾಕು, ಪಾತ್ರೆ ತೊಳೆಯುವವರು ಚಟ್ನಿ ಇದ್ದ ಪಾತ್ರೆಯನ್ನೂ ತೊಳೆದಿಡ್ತಾರೆ. ಚಟ್ನಿ ಎಲ್ಲಿ ಅಂತ ಪಾತ್ರೆ ಒಳಗೆ ಹುಡುಕಿದ್ರೆ ಸಿಗ್ತದಾ? ಮೋರಿ ನೋಡು."

ಮರುದಿನ ಮೊದಲ ಗಾಡಿಗೆ ಹೋದೆ. ಕೋರ್ ಪೆಟ್ಟಿಗೆಗಳನ್ನಿಡುವ ಶೆಡ್ಡಿನ ಹಿಂದೆ, ಬಕೆಟ್ಟಿನ ನೀರು ಹರಿದುಹೋದ ಜಾಡಿನಲ್ಲಿ, ಅಂಗೈ ಅಗಲದ ಕೆಂಪು ಮಣ್ಣು ಒಣಗಿ ಸಿಪ್ಪೆಯೆದ್ದಿತ್ತು. ಸುತ್ತಲ ನೆಲವೆಲ್ಲ ಕಪ್ಪು, ಅದೊಂದೇ ಕೆಂಪು. ಡ್ರಿಲ್ಲರನನ್ನು ಕರೆದು ತೋರಿಸಿದೆ. ಅವನು ತಲೆ ಕೆರೆದುಕೊಂಡು, ಕಲ್ಲುಗಳ ನಡುವೆ ಕೆಸರು ಮೆತ್ತಿಕೊಂಡಿದೆ ಎಂದುಕೊಂಡು ತೊಳೆದೆ, ಖಾಲಿ ಜಾಗ ಚೆನ್ನಾಗಿ ಕಾಣಲಿಲ್ಲ, ಅದಕ್ಕೇ ಕಲ್ಲುಗಳನ್ನು ಹತ್ತಿರ ಸರಿಸಿದೆ ಎಂದು ಒಪ್ಪಿಕೊಂಡ. ಅವನನ್ನು ಬೈಯಲಿಲ್ಲ. ಪಕ್ಕದಲ್ಲೇ ಇನ್ನೊಂದು ತೂತು ಕೊರೆಸಿದೆ. ಕೆಂಪು ಪದರ ಸರಿಯಾಗಿ ಎರಡು ಗೇಣು ಬಂತು. ಆ ಕಂಬದ ಪಾಯವನ್ನು ಅದಕ್ಕಿಂತ ಕೆಳಕ್ಕೆ ಇಳಿಸಿದರು. ಆಫೀಸಿನಲ್ಲಿ ನನ್ನನ್ನು ಹೊಗಳಿದರು. ಅಪ್ಪನ ಮಾತನ್ನು ಅಲ್ಲಿ ನಾನು ಯಾರ ಹತ್ತಿರವೂ ಹೇಳಲಿಲ್ಲ.

ಮನೆಯಲ್ಲಿ ಹೇಳಿದೆ. ಅಪ್ಪನ ಮುಖ ಅರಳಿತು. "ಆ ಕೆಂಪು ಮಣ್ಣು ನಂಗೊಮ್ಮೆ ನೋಡ್ಬೇಕಲ್ಲ. ಕರ್ಕೊಂಡು ಹೋಗ್ತೀಯಾ?"

"ಸೇಫ್ಟಿ ಶೂ ಇಲ್ಲದವರನ್ನು ಒಳಗೆ ಬಿಡುದಿಲ್ಲಪ್ಪ" ಎಂದೆ. ನಿಯಮವೇನೋ ನಿಜ. ಆದರೆ ನಾನು ಹೇಳಿದ್ದು ನಿಯಮಕ್ಕಲ್ಲ.

ಮುಂದಿನ ವಾರ ಹೋಟೆಲಿಗೆ ರಜೆ ಮಾಡಿ ಉಲ್ಹಾಸನಗರಕ್ಕೆ ಹೋಗಿ, ಹತ್ತು ಅಂಗಡಿ ಸುತ್ತಿ, ಒಂದು ಡಬ್ಬ ತಂದರು. ಒಳಗೆ ಮೂತಿಗೆ ಉಕ್ಕು ಕೂರಿಸಿದ ಕಪ್ಪು ಶೂ. ಲುಂಗಿಯ ಮೇಲೇ ಅದನ್ನು ಹಾಕಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇನ್ನೆಂತ ರೂಲು ಉಂಟು ನಿನ್ನ ಸೈಟಿಂದು?" ಎಂದರು. ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆಲ್ಮೆಟ್ಟೂ ಬೇಕು ಎಂದೆ. ಪಕ್ಕದ ಮನೆಯವರ ಬೈಕಿನದ್ದು ಕೇಳಿ ತರುತ್ತೇನೆ ಎಂದರು.

ಈಗ ನೇರವಾಗಿ ಬರೆದುಬಿಡುತ್ತೇನೆ. ನನಗೆ ನಾಚಿಕೆಯಾಗಿತ್ತು. ಸೈಟಿಗೆ ಕರೆದಿದ್ದರೆ ಅಪ್ಪ ಬರಿಗೈಯಲ್ಲಿ ಬರುವವರಲ್ಲ, ನಾಲ್ಕು ಅಂತಸ್ತಿನ ಟಿಫಿನ್ ಕ್ಯಾರಿಯರ್ ತುಂಬ ಗೋಳಿಬಜೆ ತರುತ್ತಿದ್ದರು. ಇಂಗ್ಲಿಷು ಬಿಟ್ಟು ಬೇರೆ ಮಾತಾಡದ ಆ ಇಂಜಿನಿಯರುಗಳಿಗೆ ತಾವೇ ಬಡಿಸುತ್ತಿದ್ದರು. ದೊಡ್ಡ ಸಾಹೇಬರನ್ನು ಶೇಠ್ ಎಂದು ಕರೆದು, ಗುಡ್ಡಕ್ಕೆ ಚಟ್ನಿ ಹಚ್ಚಿದ ಕಥೆ ಹೇಳುತ್ತಿದ್ದರು. ಇದನ್ನೆಲ್ಲ ಕಣ್ಣಮುಂದೆ ತಂದುಕೊಂಡೇ ನಾನು ಬೆವರುತ್ತಿದ್ದೆ. ಇವತ್ತು ಅದೇ ದೃಶ್ಯ ಒಂದೇ ಒಂದು ಸಲ ನಡೆದಿದ್ದರೆ ಎಂದು ಹಂಬಲಿಸುತ್ತೇನೆ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಮಳೆಗಾಲ ಮುಗಿಯಲಿ ಎಂದೆ. ಆಮೇಲೆ ದೀಪಾವಳಿ ಆಗಲಿ ಎಂದೆ. ಅಷ್ಟರಲ್ಲಿ ಆ ಸೈಟಿನ ಕೊರೆಯುವ ಕೆಲಸವೇ ಮುಗಿಯಿತು. ಬಿಸಾಡಲಿದ್ದ ಕೋರಿನಲ್ಲಿ ಗೇಣುದ್ದದ ಒಂದು ಕಪ್ಪು ತುಂಡನ್ನು ಕೇಳಿಕೊಂಡು ತಂದು ಅಪ್ಪನಿಗೆ ಕೊಟ್ಟೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಚಹಾಕ್ಕೆ ಶುಂಠಿ ಕುಟ್ಟಲು ಇಟ್ಟುಕೊಂಡರು. "ಇಂಥ ಕಲ್ಲು ಪೇಟೆಯಲ್ಲಿ ಸಿಗುದಿಲ್ಲ" ಎಂದು ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರಂತೆ. ಗುಡ್ಡವನ್ನೇ ತಂದುಕೊಟ್ಟೆನಲ್ಲ, ಇನ್ನು ಸೈಟು ಯಾಕೆ ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಮುಂದೆ ಠಾಣೆ ಶಹರದಲ್ಲಿ ನಾಲ್ಕು ವರ್ಷ ಎತ್ತರದ ಕಟ್ಟಡಗಳ ಪಾಯ ನೋಡಿದೆ. ಆಗಲೂ ಅಪ್ಪ ವರ್ಷಕ್ಕೊಮ್ಮೆ ಕೇಳುತ್ತಿದ್ದರು, ಮೆಲ್ಲಗೆ, ಚಹಾದ ಲೋಟ ಕೈಗೆ ಕೊಡುತ್ತಾ. ನಾನು ನೋಡೋಣ ಎನ್ನುತ್ತಿದ್ದೆ. ಆಮೇಲೆ ಬಡ್ತಿ ಬಂತು, ನವಿ ಮುಂಬಯಿಯ ಘಣಸೋಲಿಯ ಆಫೀಸಿನಲ್ಲಿ ಕುರ್ಚಿ ಸಿಕ್ಕಿತು. ಈಗ ಕೋರಿನ ಫೋಟೋಗಳು ಫೋನಿಗೆ ಬರುತ್ತವೆ. ಬೇರೆಯವರು ಮುಟ್ಟಿದ ಕಲ್ಲನ್ನು ನಾನು ಎಸಿಯಲ್ಲಿ ಕೂತು ಪಾಸು ಮಾಡುತ್ತೇನೆ. ಫೋಟೋಕ್ಕೆ ವಾಸನೆಯಿಲ್ಲ. ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬರಬಹುದಿತ್ತು, ಬಂದರೆ ತೋರಿಸಲು ಏನೂ ಇರಲಿಲ್ಲ. ಬಡ್ತಿ ಬಂದ ವರ್ಷವೇ ಒಂದು ಬೆಳಿಗ್ಗೆ, ಹೋಟೆಲಿಗೆ ಹೊರಟವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸಲೆಂದು ಅಟ್ಟ ಖಾಲಿ ಮಾಡುವಾಗ ಆ ಶೂ ಡಬ್ಬ ಸಿಕ್ಕಿತು. ಹೊಸ ಶೂ ಸುಮ್ಮನೆ ಹಾಳಾಗುವುದು ಬೇಡ, ಸೈಟಿನ ಯಾರಿಗಾದರೂ ಕೊಟ್ಟುಬಿಡೋಣ ಎಂದು ಮುಚ್ಚಳ ತೆರೆದೆ. ಶೂ ಹೊಸದಾಗಿರಲಿಲ್ಲ. ಹಿಮ್ಮಡಿಯ ಹೊರಬದಿ ಸವೆದಿತ್ತು, ಅಪ್ಪ ಹಾಗೆಯೇ ಕಾಲು ಎಳೆದು ನಡೆಯುತ್ತಿದ್ದರು. ಚರ್ಮದಲ್ಲಿ ಮಡಿಕೆಗಳು ಬಿದ್ದಿದ್ದವು, ಲೇಸು ಬದಲಾಗಿತ್ತು. ಒಳಗೆ ಕೈ ಹಾಕಿದೆ. ಐದು ಬೆರಳುಗಳ ಗುಳಿಯೂ ಅಚ್ಚೊತ್ತಿದ ಹಾಗೆ ಇತ್ತು. ಗುರುತು ನೋಡಿ ಹಿಂದೆ ಏನಾಗಿತ್ತು ಎಂದು ಹೇಳುವುದು ನನ್ನ ಹೊಟ್ಟೆಪಾಡು, ಇದು ಮಾತ್ರ ನನಗೆ ತಿಳಿಯಲಿಲ್ಲ. ಅಮ್ಮನನ್ನು ಕೂಗಿದೆ.

"ಅದನ್ನು ಹಾಕ್ಕೊಂಡು ಆದಿತ್ಯವಾರ ಆದಿತ್ಯವಾರ ಮಾರ್ಕೆಟಿಗೆ ಹೋಗ್ತಿದ್ರಲ್ಲ" ಎಂದಳು ಅಮ್ಮ. "ನೀನು ಮಲಗಿರ್ತಿದ್ದೆ."

"ತರಕಾರಿ ತರ್ಲಿಕ್ಕೆ ಸೇಫ್ಟಿ ಶೂ ಯಾಕಮ್ಮ?"

"ಹೊಸ ಶೂ ಕಾಲಿಗೆ ಕಚ್ತದೆ. ಮಗಳು ಕರೆದ ದಿನ ನಾನು ಅಷ್ಟು ಜನರ ಎದುರು ಕುಂಟಿಕೊಂಡು ಹೋದ್ರೆ ಅವಳ ಮರ್ಯಾದೆ ಎಂತ ಆಗ್ಬೇಕು ಅಂತ ಹೇಳ್ತಿದ್ರು. ಅದಕ್ಕೇ ಮೊದಲೇ ಹಾಕಿ ಹಾಕಿ ಹದ ಮಾಡ್ತಿದ್ರು."

ನಾನು ಶೂವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. "ಕೊನೆಗೆ ಕಚ್ಚುದು ನಿಂತಿತ್ತಾ ಅಮ್ಮ?" ಎಂದು ಕೇಳಿದೆ.

"ಅದು ಯಾವಾಗ್ಲೋ ನಿಂತಿತ್ತು" ಎಂದಳು ಅಮ್ಮ.